ಹೊರಗುಳಿದ ಕೇಬಲ್: ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್‌ಗಳ ಒಂದು ಹೋಲಿಕೆ

ನಮ್ಮ ಮನೆಯ ಟಿವಿಯ ಹಿಂಬದಿಯಲ್ಲಿ ಎಚ್‌ಡಿಎಂಐ ಕೇಬಲ್ ಸಿಕ್ಕಿಸಲು ಇರುವುದು ಎರಡೇ ಜಾಗ. ಕೆಳಗಿನ ಹಲಗೆಯ ಮೇಲಾದರೋ ಟಿವಿಗೆ ಜೋಡಿಸಿ ಗೇಮ್ ಆಡುವ ಮೂರು ಯಂತ್ರಗಳು, ಅಂದರೆ ಕನ್ಸೋಲ್‌ಗಳು, ಸೇರಿಕೊಂಡಿದ್ದವು: ಸೋನಿಯ ಪ್ಲೇಸ್ಟೇಷನ್ 5, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಮತ್ತು ನಿಂಟೆಂಡೊ ಸ್ವಿಚ್. ಹೀಗಾಗಿ ಒಂದರ ಕೇಬಲ್ ಯಾವಾಗಲೂ ಹೊರಗೆ ನೇತಾಡುತ್ತಿತ್ತು. ಯಾವ ಯಂತ್ರ ಮೇಲು ಎಂಬ ಪ್ರಶ್ನೆಗೆ ಪ್ರೊಸೆಸರಿನ ವೇಗ, ಚಿತ್ರದ ಸ್ಪಷ್ಟತೆ ಮುಂತಾದ ಪಟ್ಟಿಗಳಿಗಿಂತ ಈ ಕೇಬಲ್ಲೇ ಪ್ರಾಮಾಣಿಕವಾದ ಉತ್ತರ ಕೊಡುತ್ತದೆ ಎಂದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ಇಲ್ಲಿ ಹೋಲಿಸುತ್ತಿರುವುದು ಮೂರೂ ಕಂಪನಿಗಳು ತಮ್ಮ ಕನ್ಸೋಲಿಗಷ್ಟೇ ಮೀಸಲಿಟ್ಟ ಗೇಮ್‌ಗಳನ್ನು, ಅಂದರೆ ಆಡುವವರ ಮಾತಿನಲ್ಲಿ ಎಕ್ಸ್‌ಕ್ಲೂಸಿವ್‌ಗಳನ್ನು. ಜೊತೆಗೆ, ಆ ಗೇಮ್‌ಗಳನ್ನು ಮಾಡುವ ಸ್ಟುಡಿಯೊಗಳು ಅವರ ಕೈಸೇರಿದ ಬಗೆಯನ್ನು.

ಯಂತ್ರಗಳ ಬೆಲೆಯ ಮಾತನ್ನು ಬೇಗ ಮುಗಿಸುತ್ತೇನೆ. ಪ್ಲೇಸ್ಟೇಷನ್ 5 ಭಾರತದ ಮಾರುಕಟ್ಟೆಗೆ ಬಂದದ್ದು 2021ರ ಫೆಬ್ರುವರಿಯಲ್ಲಿ. ಡಿಸ್ಕ್ ಇರುವ ಮಾದರಿಗೆ 49,990 ರೂಪಾಯಿ. ಸೀರೀಸ್ ಎಸ್ ಅದಕ್ಕೂ ಮೂರು ತಿಂಗಳು ಮೊದಲೇ 34,990 ರೂಪಾಯಿಗೆ ಬಂದಿತ್ತು. ಅದರಲ್ಲಿ ಡಿಸ್ಕ್ ಹಾಕುವ ಜಾಗವಿಲ್ಲ. ನಾನು ಸ್ವಿಚ್ ಕೊಂಡಾಗ ನಿಂಟೆಂಡೊದ ಅಧಿಕೃತ ಮಾರಾಟ ನಮ್ಮ ದೇಶದಲ್ಲಿ ಇರಲಿಲ್ಲ. ಹೊರದೇಶದಿಂದ ತರಿಸಿ ಮಾರುವ ಒಬ್ಬ ವ್ಯಾಪಾರಿಯಿಂದ ಕೊಂಡೆ. ಒಂದು ವರ್ಷದ ವಾರಂಟಿ ಎಂದು ಆತ ಬರೆದುಕೊಟ್ಟ ಚೀಟಿ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ಎಡಗೈ ಕಡ್ಡಿ ತನ್ನಷ್ಟಕ್ಕೆ ಸರಿದಾಡತೊಡಗಿದ ದಿನ ಯಾವ ಉಪಯೋಗಕ್ಕೂ ಬರಲಿಲ್ಲ.

ಮೊದಲು ಪ್ಲೇಸ್ಟೇಷನ್. ಈ ಯಂತ್ರವನ್ನು ಕೊಂಡದ್ದು ಸಾರ್ಥಕವಾಯಿತು ಎಂದು ನನಗೆ ಅನ್ನಿಸಿದ ಗಳಿಗೆ ಚೆನ್ನಾಗಿ ನೆನಪಿದೆ. ‘ರಿಟರ್ನಲ್’ ಎಂಬ ಗೇಮಿನಲ್ಲಿ ಅಪರಿಚಿತ ಗ್ರಹವೊಂದರ ಕಾಡಿನಲ್ಲಿ ಮಳೆ ಸುರಿಯುತ್ತಿರುತ್ತದೆ. ಪಾತ್ರಧಾರಿಣಿ ಸುಮ್ಮನೆ ನಿಂತಿದ್ದರೂ ಆ ಹನಿಗಳು ಕಂಟ್ರೋಲರಿನೊಳಗೆ ಅಲ್ಲೊಂದು ಇಲ್ಲೊಂದು ಎಂಬಂತೆ ಕಂಪನವಾಗಿ ಅಂಗೈಗೆ ತಾಗುತ್ತವೆ. ಆರನೆಯ ತರಗತಿಯಲ್ಲಿರುವ ಅಕ್ಕನ ಮಗನ ಕೈಗೆ ಕೊಟ್ಟಾಗ ಅವನು ಗುಂಡು ಹಾರಿಸುವುದನ್ನೇ ಮರೆತು, “ಮಾವ, ಇದು ನೆನೀತಾ ಇದೆ” ಎಂದ. ಇದನ್ನು ಮಾಡಿದವರು ಫಿನ್‌ಲೆಂಡಿನ ಹೌಸ್‌ಮಾರ್ಕ್. ಗೇಮ್ ಬಿಡುಗಡೆಯಾದದ್ದು 2021ರ ಏಪ್ರಿಲ್ 30ಕ್ಕೆ. ಸೋನಿ ಆ ಸ್ಟುಡಿಯೊವನ್ನು ಕೊಂಡದ್ದು ಎರಡು ತಿಂಗಳ ನಂತರ, ಜೂನ್ ಕೊನೆಯಲ್ಲಿ. ಆದರೆ ಅವರಿಬ್ಬರ ಒಡನಾಟ ಪ್ಲೇಸ್ಟೇಷನ್ 3ರ ಕಾಲದ್ದು. ‘ಸೂಪರ್ ಸ್ಟಾರ್‌ಡಸ್ಟ್ ಎಚ್‌ಡಿ’ 2007ರಲ್ಲೇ ಬಂದಿತ್ತು. ಅಂದರೆ ಹದಿನಾಲ್ಕು ವರ್ಷ ಜೊತೆಯಲ್ಲಿ ಕೆಲಸ ಮಾಡಿ, ಒಬ್ಬರ ಕೈಚಳಕ ಇನ್ನೊಬ್ಬರಿಗೆ ಪೂರ್ತಿ ತಿಳಿದ ಮೇಲೆ ನಡೆದ ಖರೀದಿ ಇದು. ಇನ್ಸಾಮ್ನಿಯಾಕ್ ಸ್ಟುಡಿಯೊದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ: 1990ರ ದಶಕದಿಂದ ಪ್ಲೇಸ್ಟೇಷನ್ನಿಗೆ ಗೇಮ್ ಮಾಡುತ್ತ, ನಡುವೆ 2014ರಲ್ಲಿ ‘ಸನ್‌ಸೆಟ್ ಓವರ್‌ಡ್ರೈವ್’ ಅನ್ನು ಎಕ್ಸ್‌ಬಾಕ್ಸಿಗೂ ಮಾಡಿಕೊಟ್ಟು, 2018ರಲ್ಲಿ ‘ಸ್ಪೈಡರ್‌ಮ್ಯಾನ್’ ಗೆದ್ದ ಮೇಲೆ 2019ರಲ್ಲಿ ಅದು 22.9 ಕೋಟಿ ಡಾಲರಿಗೆ ಸೋನಿಯ ಪಾಲಾಯಿತು. ಈ ಮೊತ್ತವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಆದರೆ ಈ ದಾರಿ ಆಡುವವನ ಜೇಬಿಗೆ ಹಗುರವಲ್ಲ. ಸೋನಿಯ ದೊಡ್ಡ ಗೇಮ್ ಹೊಸತರಲ್ಲಿ 4,999 ರೂಪಾಯಿ ಇತ್ತು. ನನ್ನ ಮಟ್ಟಿಗೆ ಅದನ್ನು ಸಹ್ಯವಾಗಿಸಿದ್ದು ಡಿಸ್ಕ್: ಒಂದನ್ನು ಆಡಿ ಮುಗಿಸಿ, ಬೆಂಗಳೂರಿನಲ್ಲೇ ಇನ್ನೊಬ್ಬರಿಗೆ ಮಾರಿ, ಬಂದ ಹಣಕ್ಕೆ ಅಷ್ಟಿಷ್ಟು ಸೇರಿಸಿ ಮುಂದಿನದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುತ್ತಿದ್ದೆ. ನನ್ನ ‘ಗಾಡ್ ಆಫ್ ವಾರ್’ ಡಿಸ್ಕ್ ಈಗ ಎಷ್ಟನೆಯ ಮನೆಯಲ್ಲಿದೆಯೋ ತಿಳಿಯದು.

ಎಕ್ಸ್‌ಬಾಕ್ಸಿನ ಅನುಭವ ಇದಕ್ಕೆ ತೀರಾ ತದ್ವಿರುದ್ಧ. ಅಲ್ಲಿ ಗೇಮ್ ಕೊಳ್ಳುವ ಮಾತೇ ಕಡಿಮೆ. 2017ರಲ್ಲಿ ಶುರುವಾದ ಗೇಮ್ ಪಾಸ್‌ಗೆ ತಿಂಗಳ ಚಂದಾ ಕಟ್ಟಿದರೆ ನೂರಾರು ಗೇಮ್‌ಗಳು ತೆರೆದುಕೊಳ್ಳುತ್ತವೆ, ಮೈಕ್ರೋಸಾಫ್ಟಿನ ಸ್ವಂತ ಗೇಮ್‌ಗಳಂತೂ ಬಿಡುಗಡೆಯ ದಿನವೇ ಸಿಗುತ್ತಿದ್ದವು. ಮೊದಲ ವಾರ ಮದುವೆಮನೆಯ ಊಟಕ್ಕೆ ಕೂತಂತಿತ್ತು: ಎಲ್ಲವನ್ನೂ ಎಲೆಯ ತುಂಬ ಬಡಿಸಿಕೊಂಡೆ, ಯಾವುದನ್ನೂ ಪೂರ್ತಿ ತಿನ್ನಲಿಲ್ಲ. ಈ ಊಟಕ್ಕೆ ಅಡುಗೆಯವರನ್ನು ಮೈಕ್ರೋಸಾಫ್ಟ್ ಸಗಟಾಗಿ ತರಿಸಿಕೊಂಡಿತು. ಬೆಥೆಸ್ಡಾ ಎಂಬ ಗೇಮ್ ಸಂಸ್ಥೆಯ ಒಡೆತನವಿದ್ದ ಜೆನಿಮ್ಯಾಕ್ಸ್ ಕಂಪನಿಯನ್ನು 750 ಕೋಟಿ ಡಾಲರಿಗೆ ಕೊಳ್ಳುವುದಾಗಿ 2020ರ ಸೆಪ್ಟೆಂಬರಿನಲ್ಲಿ ಘೋಷಿಸಿ, 2021ರ ಮಾರ್ಚಿನಲ್ಲಿ ಖರೀದಿ ಮುಗಿಸಿತು. ಆಗ ಒಂದು ತಮಾಷೆ ನಡೆಯಿತು. ಆ ಗುಂಪಿನ ‘ಡೆತ್‌ಲೂಪ್’ಗೆ ಸೋನಿಯೊಡನೆ ಮೊದಲೇ ಒಪ್ಪಂದವಾಗಿದ್ದುದರಿಂದ, ಮೈಕ್ರೋಸಾಫ್ಟ್ ಒಡೆತನದ ಆ ಗೇಮ್ ಕನ್ಸೋಲ್‌ಗಳ ಪೈಕಿ ಒಂದು ವರ್ಷ ಪ್ಲೇಸ್ಟೇಷನ್ 5ರಲ್ಲಿ ಮಾತ್ರ ಇತ್ತು. ನಾನೂ ಅದನ್ನು ಅಲ್ಲಿಯೇ ಆಡಿದೆ, ಎಕ್ಸ್‌ಬಾಕ್ಸ್ ಪಕ್ಕದಲ್ಲೇ ಕೂತಿದ್ದರೂ.

2023ರ ಸೆಪ್ಟೆಂಬರಿನಲ್ಲಿ ಬಂದ ‘ಸ್ಟಾರ್‌ಫೀಲ್ಡ್’ ಆ ಗುಂಪಿನಿಂದ ಪ್ಲೇಸ್ಟೇಷನ್ನಿಗೆ ಸಿಗದಂತೆ ಬೀಗ ಹಾಕಿ ತಂದ ದೊಡ್ಡ ಗೇಮ್. ಅದಕ್ಕಾಗಿ ಸೀರೀಸ್ ಎಸ್‌ನಲ್ಲಿ ತುಂಬ ಜಾಗ ಬೇಕಾಯಿತು. 512 ಜಿಬಿ ಎಂದು ಹೇಳಿಕೊಂಡರೂ ನಿಜಕ್ಕೂ ಕೈಗೆ ಸಿಗುವ ಜಾಗ 364 ಜಿಬಿಯಷ್ಟೇ ಆದ್ದರಿಂದ ಬೇರೆ ಮೂರು ಗೇಮ್‌ಗಳನ್ನು ಅಳಿಸಿದೆ. ಬಾಹ್ಯಾಕಾಶ ನೌಕೆಯ ಒಳಗೆ ಯಾರೋ ಮೇಜಿನ ಮೇಲೆ ಬಿಟ್ಟುಹೋದ ಸ್ಯಾಂಡ್‌ವಿಚ್ಚು, ಟಿಪ್ಪಣಿ ಚೀಟಿಗಳವರೆಗೂ ಎತ್ತಿ ನೋಡಬಹುದಾದ ಆ ಶ್ರದ್ಧೆ ನನಗೆ ಮೆಚ್ಚುಗೆಯಾಯಿತು. ಆದರೂ ಮೂವತ್ತು ಗಂಟೆಗಳ ನಂತರ ನಾನು ಅದಕ್ಕೆ ಮರಳಲಿಲ್ಲ. ಚಂದಾದಲ್ಲಿ ಬಂದದ್ದನ್ನು ಅರ್ಧಕ್ಕೆ ಬಿಟ್ಟರೆ ನಷ್ಟವೇನೂ ಕಾಣುವುದಿಲ್ಲ. 4,999 ಕೊಟ್ಟಿದ್ದರೆ ಬಹುಶಃ ಹಟ ಹಿಡಿದು ಮುಗಿಸುತ್ತಿದ್ದೆ.

ಈ ಹೋಲಿಕೆಯ ತಿರುಳು ಇರುವುದು ಇನ್ನೊಂದು ಖರೀದಿಯಲ್ಲಿ. ‘ಕಾಲ್ ಆಫ್ ಡ್ಯೂಟಿ’ಯ ಒಡೆತನವಿದ್ದ ಆಕ್ಟಿವಿಷನ್ ಬ್ಲಿಝರ್ಡ್ ಅನ್ನು 6,870 ಕೋಟಿ ಡಾಲರಿಗೆ ಕೊಳ್ಳುವುದಾಗಿ ಮೈಕ್ರೋಸಾಫ್ಟ್ 2022ರ ಜನವರಿಯಲ್ಲಿ ಘೋಷಿಸಿತು. ಇನ್ಸಾಮ್ನಿಯಾಕ್‌ಗೆ ಸೋನಿ ಕೊಟ್ಟ ಮೊತ್ತದ 300 ಪಟ್ಟು. ಮಾರುಕಟ್ಟೆಯ ಪೈಪೋಟಿಯ ಮೇಲೆ ಕಣ್ಣಿಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೋರ್ಟಿಗೆ ಹೋಯಿತು, ಬ್ರಿಟನ್ನಿನ ನಿಯಂತ್ರಕರು 2023ರ ಏಪ್ರಿಲಿನಲ್ಲಿ ತಡೆದರು, ಗೇಮ್‌ಗಳನ್ನು ಇಂಟರ್‌ನೆಟ್ ಮೂಲಕ ಆಡಿಸುವ ಕ್ಲೌಡ್ ಹಕ್ಕುಗಳನ್ನು ಯೂಬಿಸಾಫ್ಟ್ ಎಂಬ ಇನ್ನೊಂದು ಗೇಮ್ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅದೇ ವರ್ಷದ ಅಕ್ಟೋಬರ್ 13ಕ್ಕೆ ಖರೀದಿ ಮುಗಿಯಿತು. ಜೂನ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ನ್ಯಾಯಾಲಯದಲ್ಲಿ ನಡೆದ ವಿಚಾರಣೆಯನ್ನು ನಾನು ಧಾರಾವಾಹಿಯಂತೆ ಹಿಂಬಾಲಿಸಿದೆ. ಸೋನಿಯ ಗುಟ್ಟಿನ ದಾಖಲೆಯೊಂದರ ಅಂಕಿಗಳನ್ನು ಕಪ್ಪು ಮಾರ್ಕರ್ ಪೆನ್ನಿನಿಂದ ಹೊಡೆದುಹಾಕಿ ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನಿನಲ್ಲಿ ಮಸಿಯ ಕೆಳಗಿನ ಅಂಕಿ ಓದುವಂತೆಯೇ ಇತ್ತು. ‘ದ ಲಾಸ್ಟ್ ಆಫ್ ಅಸ್’ನ ಎರಡನೆಯ ಭಾಗಕ್ಕೆ ಸುಮಾರು 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21.2 ಕೋಟಿ ಡಾಲರ್ ಖರ್ಚಾಗಿದ್ದು ಲೋಕಕ್ಕೆ ತಿಳಿದದ್ದು ಹೀಗೆ. ಅದೇ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲಾ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು, ತಮ್ಮ ಕೈಯಲ್ಲಿದ್ದರೆ ಎಕ್ಸ್‌ಕ್ಲೂಸಿವ್ ಎಂಬ ಪದ್ಧತಿಯನ್ನೇ ತೆಗೆದುಹಾಕುತ್ತಿದ್ದೆನೆಂದೂ, ಮಾರುಕಟ್ಟೆಯಲ್ಲಿ ಮುಂದಿರುವವರು ಪೈಪೋಟಿಯ ನಿಯಮವನ್ನು ಹಾಗೆ ಮಾಡಿಟ್ಟಿದ್ದಾರೆಂದೂ ಹೇಳಿದರು. ಆಗ ಅದು ವಕೀಲರು ಹೇಳಿಕೊಟ್ಟ ಮಾತಿನಂತೆ ನನಗೆ ಕೇಳಿಸಿತ್ತು. ಈಗ ನೋಡಿದರೆ ಲೆಕ್ಕಪತ್ರದ ಮಾತಿನಂತೆ ಕಾಣುತ್ತದೆ.

ಲೆಕ್ಕ ಇಷ್ಟೇ. ‘ಕಾಲ್ ಆಫ್ ಡ್ಯೂಟಿ’ಗೆ ಅಷ್ಟು ಬೆಲೆ ಬಂದದ್ದು ಅದನ್ನು ಎಲ್ಲ ಕನ್ಸೋಲ್‌ಗಳಲ್ಲೂ ಕೋಟ್ಯಂತರ ಜನ ಆಡುತ್ತಿದ್ದುದರಿಂದ. ಎಕ್ಸ್‌ಬಾಕ್ಸಿನೊಳಗೆ ಮಾತ್ರ ಕೂಡಿಹಾಕಿದ ದಿನವೇ ಆ ಬೆಲೆಯ ದೊಡ್ಡ ಪಾಲು ಕರಗಿಹೋಗುತ್ತಿತ್ತು. ಹೀಗಾಗಿ ಹತ್ತು ವರ್ಷ ಇತರ ಕನ್ಸೋಲ್‌ಗಳಿಗೂ ಕೊಡುತ್ತೇವೆಂದು ನಿಂಟೆಂಡೊ ಮತ್ತು ಸೋನಿಯೊಡನೆ ಮೈಕ್ರೋಸಾಫ್ಟ್ ಮಾಡಿಕೊಂಡ ಒಪ್ಪಂದಗಳನ್ನು ನಿಯಂತ್ರಕರ ಭಯಕ್ಕಷ್ಟೇ ಕಟ್ಟುವುದು ಸರಿಯಲ್ಲ. 2014ರಲ್ಲಿ 250 ಕೋಟಿ ಡಾಲರಿಗೆ ‘ಮೈನ್‌ಕ್ರಾಫ್ಟ್’ ಕೊಂಡಾಗಲೂ ಅದು ಯಾವ ಯಂತ್ರದಿಂದಲೂ ಹೊರಬೀಳಲಿಲ್ಲ. ಸೋನಿಗೂ ಇದೇ ಕಟ್ಟು ಬಿಗಿಯಿತು: 2022ರಲ್ಲಿ 360 ಕೋಟಿ ಡಾಲರ್ ಕೊಟ್ಟು ಬಂಜಿ ಸ್ಟುಡಿಯೊವನ್ನು ಕೊಂಡರೂ ಅದರ ‘ಡೆಸ್ಟಿನಿ 2’ ಎಕ್ಸ್‌ಬಾಕ್ಸಿನಲ್ಲಿ ಉಳಿಯಿತು. ಇದೇ ಬಂಜಿಯನ್ನು 2000ದಲ್ಲಿ ಮೈಕ್ರೋಸಾಫ್ಟ್ ಕೊಂಡಾಗ ಕಥೆ ಬೇರೆಯಿತ್ತು. ಅದರ ‘ಹೇಲೊ’ ಆಗಿನ್ನೂ ಹೊರಬಂದಿರಲಿಲ್ಲ, 1999ರಲ್ಲಿ ಸ್ಟೀವ್ ಜಾಬ್ಸ್ ಅದನ್ನು ಆಪಲ್‌ನ ವೇದಿಕೆಯಲ್ಲಿ ಮ್ಯಾಕ್‌ನ ಗೇಮ್ ಎಂದು ತೋರಿಸಿದ್ದರಷ್ಟೆ. ಕಳೆದುಕೊಳ್ಳಲು ಹಳೆಯ ಗಿರಾಕಿಗಳೇ ಇಲ್ಲದ ಗೇಮಿಗೆ ಬೀಗ ಹಾಕುವುದು ಸುಲಭ. 2001ರಲ್ಲಿ ಆ ಬೀಗವೇ ಎಕ್ಸ್‌ಬಾಕ್ಸ್ ಎಂಬ ಹೊಸ ಹೆಸರನ್ನು ನಿಲ್ಲಿಸಿತು.

ನಿಂಟೆಂಡೊದ ಬಳಿ ಈ ಗೊಂದಲವೇ ಇಲ್ಲ. ಅವರು ಕೊಳ್ಳುವುದು ಕಡಿಮೆ, ಕೊಂಡರೆ ಚಿಕ್ಕದು, ಕೊಂಡದ್ದನ್ನು ಹೊರಗೆ ಬಿಡುವುದಿಲ್ಲ. 2007ರಲ್ಲಿ ತೆಗೆದುಕೊಂಡ ಮೊನೊಲಿತ್ ಸಾಫ್ಟ್ ಹತ್ತು ವರ್ಷದ ನಂತರ ‘ಬ್ರೆತ್ ಆಫ್ ದ ವೈಲ್ಡ್’ನ ವಿಶಾಲ ಭೂಪ್ರದೇಶವನ್ನು ಕಟ್ಟಲು ನೆರವಾಯಿತು. ಆ ಗೇಮಿನಲ್ಲಿ ಮಳೆ ಬಂದರೆ ಬಂಡೆ ಜಾರುತ್ತದೆ. ಅರ್ಧ ಹತ್ತಿದ ಕಥಾನಾಯಕ ಲಿಂಕ್ ಮತ್ತೆ ಕೆಳಗೆ ಸರಿಯುತ್ತಾನೆ. ಒಮ್ಮೆ ಹೀಗೆ ಸಿಕ್ಕಿಬಿದ್ದು, ಬಂಡೆಯ ಮರೆಯಲ್ಲಿ ಬೆಂಕಿ ಹಾಕಿ ಮಳೆ ನಿಲ್ಲುವವರೆಗೆ ಕಾದೆ. ಪ್ಲೇಸ್ಟೇಷನ್ನಿನ ಮಳೆ ಅಂಗೈಗೆ ಬಂದರೆ ಸ್ವಿಚ್ಚಿನ ಮಳೆ ದಾರಿಗೆ ಅಡ್ಡ ಬಂತು. ಎರಡರಲ್ಲಿ ಹೆಚ್ಚು ಕಾಲ ಮನಸ್ಸಿನಲ್ಲಿ ಉಳಿದದ್ದು ಎರಡನೆಯದು. ಅತಿ ದುರ್ಬಲ ಯಂತ್ರದಲ್ಲಿ, 2017ರಲ್ಲಿ ಬಂದ ಗೇಮಿಗೆ ಇಂದಿಗೂ ಹೊಸದರ ಬೆಲೆ ತೆರಬೇಕಾಗಿರುವುದು ನನಗೆ ಸಿಟ್ಟು ತರಿಸುತ್ತದೆ. ಸಿಟ್ಟಿನಲ್ಲೇ ಅದರ ಮುಂದುವರಿಕೆಯನ್ನೂ ಕೊಂಡೆ. ಹಾಗೆಂದು ನಿಂಟೆಂಡೊ ಎಂದೂ ಎಡವಲಿಲ್ಲವೆಂದಲ್ಲ. ‘ಗೋಲ್ಡನ್‌ಐ’ ಮಾಡಿಕೊಟ್ಟ ರೇರ್ ಸ್ಟುಡಿಯೊದಲ್ಲಿ 49 ಪ್ರತಿಶತ ಪಾಲಿದ್ದರೂ ಉಳಿಸಿಕೊಳ್ಳಲಿಲ್ಲ. 2002ರಲ್ಲಿ ಮೈಕ್ರೋಸಾಫ್ಟ್ 37.5 ಕೋಟಿ ಡಾಲರಿಗೆ ಅದನ್ನು ಹೊತ್ತೊಯ್ದಿತು.

ಖರೀದಿಗಳ ಬಿಸಿ ಸ್ಟುಡಿಯೊಗಳ ಒಳಗಿರುವವರಿಗೆ ತಟ್ಟಿದ ಬಗೆಯಲ್ಲಿ ಸೋನಿ, ಮೈಕ್ರೋಸಾಫ್ಟ್‌ಗಳ ನಡುವೆ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ‘ಹೈ-ಫೈ ರಶ್’ ಎಂಬ, ತಾಳಕ್ಕೆ ತಕ್ಕಂತೆ ಹೊಡೆದಾಡುವ ಸೊಗಸಾದ ಗೇಮನ್ನು ನಾನು ಗೇಮ್ ಪಾಸ್‌ನಲ್ಲಿ ಕಂಡುಕೊಂಡೆ. ಆ ಚಂದಾ ಇಲ್ಲದಿದ್ದರೆ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಅದನ್ನು ಮಾಡಿದ ಟ್ಯಾಂಗೊ ಸ್ಟುಡಿಯೊವನ್ನು ಮುಚ್ಚುವುದಾಗಿ ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ಹೇಳಿತು; ಕೊನೆಗೆ ಕೊರಿಯಾದ ಕ್ರಾಫ್ಟನ್ ಕೈಹಿಡಿಯಿತು. ಸೋನಿಯು 2023ರಲ್ಲಿ ಕೊಂಡ ಫೈರ್‌ವಾಕ್‌ಗೆ ಆ ಅದೃಷ್ಟವೂ ಇರಲಿಲ್ಲ: ಅದರ ‘ಕಾಂಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮಾಯವಾಯಿತು, ಅಕ್ಟೋಬರಿನಲ್ಲಿ ಸ್ಟುಡಿಯೊ ಬಾಗಿಲು ಹಾಕಿತು. ಮಾಲೀಕತ್ವ ಬದಲಾದರೆ ಕೆಲಸದ ದಿಕ್ಕು ಹೇಗೆ ತಿರುಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. 1997ರಲ್ಲಿ ಇಲ್ಲಿ ಹುಟ್ಟಿದ ಧ್ರುವ ಇಂಟರಾಕ್ಟಿವ್, ಮೈಕ್ರೋಸಾಫ್ಟಿನ ‘ಫೋರ್ಜಾ’ಗೂ ಸೋನಿಯ ‘ಡೇಸ್ ಗಾನ್’ಗೂ ಕಲಾಕೆಲಸ ಮಾಡಿಕೊಟ್ಟಿತ್ತು, 2019ರಲ್ಲಿ ರಾಕ್‌ಸ್ಟಾರ್ ಎಂಬ ಅಮೆರಿಕದ ಗೇಮ್ ಕಂಪನಿ ಸುಮಾರು 79 ಲಕ್ಷ ಡಾಲರಿಗೆ ಕೊಂಡ ಮೇಲೆ ಅದು ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಹೋಯಿತು.

ಕೊನೆಗೆ ನನ್ನ ಟಿವಿಯ ಹಿಂಬದಿಯ ಲೆಕ್ಕವನ್ನು ಇತ್ಯರ್ಥ ಮಾಡಿದ್ದೂ ಆ ‘ಫೋರ್ಜಾ’ ಸರಣಿಯೇ. ಸೀರೀಸ್ ಎಸ್‌ನಲ್ಲಿ ನಾನು ಅತಿ ಹೆಚ್ಚು ಹೊತ್ತು ಆಡಿದ್ದು ‘ಫೋರ್ಜಾ ಹೊರೈಜನ್ 5’. ಮೆಕ್ಸಿಕೊದ ರಸ್ತೆಗಳಲ್ಲಿ ಗುರಿಯಿಲ್ಲದೆ ಕಾರು ಓಡಿಸುವುದು ಶನಿವಾರ ರಾತ್ರಿಯ ಅಭ್ಯಾಸವಾಗಿತ್ತು. 2025ರ ಏಪ್ರಿಲಿನಲ್ಲಿ ಅದು ಪ್ಲೇಸ್ಟೇಷನ್ 5ಕ್ಕೆ ಬಂತು. ಆಗಸ್ಟಿನಲ್ಲಿ ‘ಗಿಯರ್ಸ್ ಆಫ್ ವಾರ್’ ಬಂತು. ಸೋನಿ ಪ್ರಕಟಿಸಿದ್ದ ‘ಹೆಲ್‌ಡೈವರ್ಸ್ 2’ ಅದೇ ದಿನ ಎಕ್ಸ್‌ಬಾಕ್ಸಿಗೆ ಹೋಯಿತು. ಅಕ್ಟೋಬರಿನಲ್ಲಿ ‘ಹೇಲೊ’ದ ಮೊದಲ ಕಥೆಯ ಹೊಸ ರೂಪ ಪ್ಲೇಸ್ಟೇಷನ್ನಿಗೂ ಬರುತ್ತದೆಂಬ ಘೋಷಣೆಯಾಯಿತು. ಅದೇ ತಿಂಗಳು ಅಮೆರಿಕದಲ್ಲಿ ಗೇಮ್ ಪಾಸ್‌ನ ಅಲ್ಟಿಮೇಟ್ ಎಂಬ ಮೇಲ್ದರ್ಜೆಯ ತಿಂಗಳ ಚಂದಾ 19.99 ಡಾಲರಿನಿಂದ 29.99ಕ್ಕೆ ಏರಿತು, ನಮ್ಮಲ್ಲೂ ಏರಿತು, ನಾನು ನಿಲ್ಲಿಸಿದೆ. ಅಂದಿನಿಂದ ಎರಡು ಕಿಂಡಿಗಳಲ್ಲಿ ಪ್ಲೇಸ್ಟೇಷನ್ ಮತ್ತು ಸ್ವಿಚ್ ಕಾಯಂ ಆಗಿ ಕೂತಿವೆ. ಸೀರೀಸ್ ಎಸ್ ಅಕ್ಕನ ಮನೆಯಲ್ಲಿದೆ. ಅಳಿಯ ಅದರಲ್ಲಿ ಆಡುವುದು ‘ಮೈನ್‌ಕ್ರಾಫ್ಟ್’. ಅವನೊಡನೆ ಆ ಲೋಕದಲ್ಲಿ ಮನೆ ಕಟ್ಟುವ ಗೆಳೆಯರಲ್ಲಿ ಒಬ್ಬ ಅಪ್ಪನ ಮೊಬೈಲಿನಿಂದ ಬರುತ್ತಾನೆ, ಇನ್ನೊಬ್ಬ ಪ್ಲೇಸ್ಟೇಷನ್ 4ರಿಂದ.