‘ಮುತ್ತಿನ ಓಲೆಯ ಹುಡುಗಿ’ ಪೇಂಟಿಂಗ್ ಕಿಟ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

6,500 ರೂಪಾಯಿ. ಅದರ ಮೇಲೆ ‘ಚಿತ್ರದ ಲೈಸೆನ್ಸ್’ ಅಂತ ಇನ್ನೂ 900. ಈ 900 ಶುದ್ಧ ಮೋಸ, ಮೊದಲು ಅದನ್ನೇ ಹೇಳುತ್ತೇನೆ. ಡಚ್ ಕಲಾವಿದ ವರ್ಮೀರ್ ಈ ಚಿತ್ರ ಬಿಡಿಸಿದ್ದು 1665ರ ಸುಮಾರಿಗೆ. ಈಗ ಅದರ ಮೇಲೆ ಯಾರ ಕಾಪಿರೈಟೂ ಇಲ್ಲ. ಈ ಚಿತ್ರ ಇರುವ, ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿತ್ಸ್‌ಹೌಸ್ ಮ್ಯೂಸಿಯಂ ಚಿತ್ರದ ದೊಡ್ಡ ಫೈಲನ್ನೇ ಪುಕ್ಕಟೆ ಕೊಡುತ್ತದೆ. ಹುಡುಕದೆ ಕಟ್ಟಿಬಿಟ್ಟೆ.

ನಾಲ್ಕು ವಾರದ ಆನ್‌ಲೈನ್ ಆಯಿಲ್ ಪೇಂಟಿಂಗ್ ಕ್ಲಾಸು, ಮನೆಗೆ ಕಿಟ್ಟು, ವಾರವಾರ ‘ಒಬ್ಬೊಬ್ಬರಿಗೂ ಪ್ರತ್ಯೇಕ ತಿದ್ದುಪಡಿ’. ಬಂದ ಕ್ಯಾನ್ವಾಸ್ 12×16 ಇಂಚು, ಔಟ್‌ಲೈನ್ ಮೊದಲೇ ಪ್ರಿಂಟ್ ಆಗಿತ್ತು. ಮೂಲದ ಅಳತೆ 44.5×39 ಸೆಂ.ಮೀ., ಹೆಚ್ಚುಕಡಿಮೆ ಚೌಕ. ಅದನ್ನು ಈ ಉದ್ದನೆಯ ಕ್ಯಾನ್ವಾಸಿಗೆ ಎಳೆದು ಕೂರಿಸಿದ್ದಾರೆ, ಹುಡುಗಿಯ ಮುಖವೇ ಉದ್ದ! ಮೂಗಿಗೆ ಹುಬ್ಬಿನಿಂದ ತುದಿಯವರೆಗೆ ಕಪ್ಪು ಗೆರೆ. ಮೂಲದಲ್ಲಿ ಅಲ್ಲಿ ಗೆರೆಯೇ ಇಲ್ಲ, ಮೂಗಿನ ದಂಡ ಬೆಳಕು ಬಿದ್ದ ಆಚೆ ಕೆನ್ನೆಯೊಳಗೆ ಕರಗಿಹೋಗುತ್ತದೆ. ಈ ಚಿತ್ರ ಕಾಪಿ ಮಾಡಿ ಕಲಿಯಬೇಕಾದ್ದೇ ಅದು. ಮುತ್ತಿನ ಸುತ್ತಲೂ ದುಂಡು ಗೆರೆ. ಮೂಲದ ಮುತ್ತು ಅಂದರೆ ಮೇಲೊಂದು ದಪ್ಪ ಬಿಳಿ ಹೊಳಪು, ಕೆಳಗೆ ಕಾಲರಿನ ಮಸುಕು ಪ್ರತಿಬಿಂಬ, ಅಷ್ಟೇ. ಕೊಕ್ಕೆ ಕೂಡ ಇಲ್ಲ.

ಬಿಳಿ ಟ್ಯೂಬಿನ ಮೇಲೆ ಚಿಕ್ಕ ಅಕ್ಷರದಲ್ಲಿ ಬಣ್ಣದ ಪುಡಿ ಯಾವುದೆಂದು ಹೇಳುವ ಕೋಡ್, ಪಿಡಬ್ಲ್ಯೂ 4. ಅಂದರೆ ಬರೀ ಜಿಂಕ್. ವರ್ಷ ಕಳೆದಂತೆ ಆ ಪದರ ಪೆಡಸಾಗಿ ಒಡೆಯುತ್ತದೆ. ಮುಖಕ್ಕೆ ಪಿಡಬ್ಲ್ಯೂ 6, ಟೈಟಾನಿಯಂ ಬೇಕು.

ಇನ್ನು ಪಾಠ. ಮೊದಲ ವಾರವೇ ಬ್ಯಾಕ್‌ಗ್ರೌಂಡಿಗೆ ಐವರಿ ಬ್ಲ್ಯಾಕ್, ‘ಶೈನಿಂಗ್ ಬರಲಿ’ ಅಂತ ಅಗಸೆ ಎಣ್ಣೆ ಸುರಿದು. ಎರಡನೇ ವಾರ ಅದರ ಮೇಲೆ ಟರ್ಪೆಂಟೈನ್ ಹಾಕಿ ತೆಳು ಮಾಡಿದ ನೀಲಿ. ಪೂರ್ತಿ ಉಲ್ಟಾ! ಆ ಕಪ್ಪು ಒಣಗುವುದೇ ನಿಧಾನ, ಮೇಲಿನ ತೆಳು ಪದರ ಬೇಗ ಬಿಗಿಯುತ್ತದೆ. ತಲೆವಸ್ತ್ರದ ಅಂಚಿನುದ್ದಕ್ಕೂ ಬಿರುಕು ಬಂತು. ಕೆಳಗೆ ಬೇಗ ಒಣಗುವ ಕಂದು ಬಣ್ಣ ಅಂಬರ್ ಸೇರಿಸಿದ ತೆಳು ಕಪ್ಪು, ಒಣಗಿದ ಮೇಲೆ ಎಣ್ಣೆ ಹೆಚ್ಚಿರುವ ಪದರ, ಈ ಕ್ರಮ ಯಾವ ಪೋರ್ಟ್ರೇಟಿಗೂ ತಪ್ಪಬಾರದು. ವರ್ಮೀರನ ಹಿನ್ನೆಲೆ ಬರೀ ಕಪ್ಪೂ ಅಲ್ಲ. ಗಾಢ ಪದರದ ಮೇಲೆ ನೀಲಿ, ಹಳದಿ ಕೂಡಿಸಿದ ಹಸಿರು ಗ್ಲೇಜ್, ಅಂದರೆ ಪಾರದರ್ಶಕ ತೆಳು ಪದರ, ಇತ್ತು, ಕಾಲಕ್ರಮೇಣ ಬಣ್ಣಗೆಟ್ಟಿದೆ. ಕ್ಲಾಸಿನಲ್ಲಿ ಅದರ ಸೊಲ್ಲೇ ಇಲ್ಲ.

ಮೂರನೇ ವಾರ ಕಪ್ಪು ಇನ್ನೂ ಕೈಗೆ ಅಂಟುತ್ತಿತ್ತು, ತಿದ್ದುಪಡಿಗೆ ನನ್ನ ಚಿತ್ರದ ಫೋಟೊ ಕಳಿಸಲಿಲ್ಲ. ಕಳಿಸಲೇ ಇಲ್ಲ. ಆದರೂ ಶನಿವಾರ ತಿದ್ದುಪಡಿ ಬಂತು: “ಸೂಪರ್ ಮೇಡಂ, ಕೆನ್ನೆಯ ಶೇಡಿಂಗ್ ತುಂಬಾ ಚೆನ್ನಾಗಿ ಬಂದಿದೆ. ಮುಂದಿನ ಲೇಯರ್ ಹಾಕಿ.”

ಯಾವ ಕೆನ್ನೆ? ಕೆನ್ನೆಗೆ ನಾನಿನ್ನೂ ಬ್ರಷ್ಷೇ ಮುಟ್ಟಿಸಿರಲಿಲ್ಲ! ಹಿಂದಿನ ಎರಡು ವಾರದ ಮೆಸೇಜು ತೆಗೆದು ನೋಡಿದೆ. ಅವೂ ಹಾಗೇ, ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು. ಅವನ್ನು ನಂಬಿ ನೆಂಟರಿಗೆಲ್ಲ ತೋರಿಸಿದ್ದೆ.

ಕೇಳಿದರೆ “ಸಿಸ್ಟಂ ಮಿಸ್ಟೇಕ್ ಮೇಡಂ.” ಬಿರುಕಿನ ಫೋಟೊ ಕಳಿಸಿದರೆ “ಹಳೇ ಪೇಂಟಿಂಗಲ್ಲೂ ಬಿರುಕು ಇರುತ್ತೆ ಮೇಡಂ, ಆಂಟಿಕ್ ಲುಕ್.” ದುಡ್ಡು ವಾಪಸ್ ಕೇಳಿದರೆ “ಟ್ಯೂಬ್ ಓಪನ್ ಮಾಡಿದ್ದೀರ, ರಿಫಂಡ್ ಆಗಲ್ಲ.”

ಕಟ್ಟುವ ಮೊದಲು ಟ್ಯೂಬಿನ ಕೋಡ್ ಕಾಣುವ ಫೋಟೊ ಕೇಳಿ. ಔಟ್‌ಲೈನ್ ಪ್ರಿಂಟ್ ಆಗಿದ್ದರೆ ಬೇಡವೇ ಬೇಡ. ಬೇರೆಯವರ ಚಿತ್ರಕ್ಕೆ ಮಾಡಿದ ತಿದ್ದುಪಡಿ ಒಂದಾದರೂ ತೋರಿಸಲಿ.

ಆ 900ರ ಲೈಸೆನ್ಸ್ ರಸೀದಿ ಕೇಳಿ 11 ದಿನ ಆಯಿತು. “ಚೆಕ್ ಮಾಡ್ತೀವಿ ಮೇಡಂ” ಅಂದವರು ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾರೆ.