ಹೆಸರು ಓದಲು ಸಿಗಬೇಕು: ಬ್ರಿಟನ್ನಿನ ರೈಲು ನಿಲ್ದಾಣಗಳ ಯುದ್ಧಸ್ಮಾರಕಗಳು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದ ಒಂದನೇ ಪ್ಲಾಟ್‌ಫಾರ್ಮಿನ ಕಂಚಿನ ಸೈನಿಕನಿಗೆ ಸಾಟಿಯಾದ ಶಿಲ್ಪ ಬ್ರಿಟನ್ನಿನ ಬೇರೆ ಯಾವ ರೈಲ್ವೆ ಸ್ಮಾರಕದಲ್ಲೂ ಇಲ್ಲ. ಆದರೆ ಮೊದಲ ಮಹಾಯುದ್ಧದಲ್ಲಿ ಮಡಿದ ರೈಲ್ವೆ ನೌಕರನೊಬ್ಬನ ಹೆಸರು ಹುಡುಕಿಕೊಂಡು ಹೋದವರು ಬರಿಗೈಲಿ ವಾಪಸಾಗುವ ಜಾಗವೂ ಅದೇ. ಗ್ರೇಟ್ ವೆಸ್ಟರ್ನ್ ರೈಲ್ವೆ ಆ ಯುದ್ಧದಲ್ಲಿ ಕಳೆದುಕೊಂಡ 2,524 ಜನರ ಪಟ್ಟಿಯನ್ನು ಮೊಹರು ಮಾಡಿದ ಪೆಟ್ಟಿಗೆಯಲ್ಲಿಟ್ಟು ಪೀಠದೊಳಗೆ ಸೇರಿಸಿಬಿಟ್ಟಿದ್ದಾರೆ. ಹೊರಗೆ ಒಂದು ಹೆಸರೂ ಇಲ್ಲ.

ನಿಲ್ದಾಣದ ಸ್ಮಾರಕವನ್ನು ಚೌಕದಲ್ಲಿರುವ ಸ್ಮಾರಕದ ಹಾಗೆ ಅಳೆಯಬಾರದು. ಇಲ್ಲಿ ನೆನಪಿಸಿಕೊಳ್ಳುತ್ತಿರುವುದು ಪೋರ್ಟರ್, ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್, ಸಿಗ್ನಲ್‌ಮನ್, ಹಳಿ ನೋಡಿಕೊಳ್ಳುತ್ತಿದ್ದ ಗ್ಯಾಂಗಿನವರು, ಗೂಡ್ಸ್ ಆಫೀಸಿನ ಗುಮಾಸ್ತರು ಇವರನ್ನು. ಅವರ ಜೊತೆ ಕೆಲಸ ಮಾಡಿದವರು ಅದೇ ಪ್ಲಾಟ್‌ಫಾರ್ಮಿನಲ್ಲಿ ದಿನಾ ಓಡಾಡುತ್ತಿದ್ದರು. ಹಾಗಾಗಿ ರೈಲಿಗೆ ಕಾಯುವವರು ನಿಂತಲ್ಲೇ ಒಂದು ಹೆಸರನ್ನು ಓದಿಕೊಳ್ಳಬಹುದೇ ಎಂಬುದನ್ನೇ ನಾವು ಮೊದಲು ನೋಡುತ್ತೇವೆ. ಶಿಲ್ಪದ ಚಂದ ಆಮೇಲಿನದು.

ಹಾಗೆಂದು ಪ್ಯಾಡಿಂಗ್ಟನ್ನನ್ನು ಬಿಟ್ಟುಬಿಡಿ ಎಂದಲ್ಲ. 1922ರ ನವೆಂಬರ್ 11ರಂದು ಅನಾವರಣಗೊಂಡ ಈ ಪ್ರತಿಮೆಯನ್ನು ಮಾಡಿದ ಚಾರ್ಲ್ಸ್ ಸಾರ್ಜೆಂಟ್ ಜಾಗರ್ ಸ್ವತಃ ಗಲಿಪೊಲಿಯಲ್ಲೂ ಫ್ಲಾಂಡರ್ಸ್‌ನಲ್ಲೂ ಗಾಯಗೊಂಡು ಬಂದವರು, ಮಿಲಿಟರಿ ಕ್ರಾಸ್ ಎಂಬ ಶೌರ್ಯ ಪದಕ ಪಡೆದವರು. ಅದಕ್ಕೇ ಇಲ್ಲಿ ವೀರಾವೇಶವಿಲ್ಲ. ದಪ್ಪ ಕೋಟನ್ನು ಹೆಗಲ ಮೇಲೆ ಹಾಗೇ ಎಳೆದುಕೊಂಡು, ಕುತ್ತಿಗೆಗೆ ಹೆಣೆದ ಮಫ್ಲರ್ ಸುತ್ತಿಕೊಂಡು ಸೈನಿಕ ಮನೆಯಿಂದ ಬಂದ ಕಾಗದ ಓದುತ್ತಿದ್ದಾನೆ. ದೂರದಿಂದ ಹೆಲ್ಮೆಟ್ಟು, ಕೋಟಿನ ಮಡಿಕೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ತಲೆ ಬಗ್ಗಿರುವುದರಿಂದ ಪೀಠದ ಬುಡಕ್ಕೇ ಹೋಗಿ ಮೇಲೆ ನೋಡಬೇಕು, ಆಗ ಮುಖ ಸಿಗುತ್ತದೆ. ಮಫ್ಲರಿನ ಹೆಣಿಗೆಯ ಒಂದೊಂದು ಸಾಲನ್ನೂ ಜಾಗರ್ ಕಂಚಿನಲ್ಲಿ ಉಳಿಸಿದ್ದಾರೆ, ಅದನ್ನು ತಪ್ಪದೆ ನೋಡಿ. 2014ರಲ್ಲಿ ಈ ಸೈನಿಕನ ಕೈಯಲ್ಲಿರುವ ಕಾಗದವನ್ನು ನೀವೇ ಬರೆಯಿರಿ ಎಂದು ಸಾರ್ವಜನಿಕರನ್ನು ಕೇಳಿದಾಗ 21,000ಕ್ಕೂ ಹೆಚ್ಚು ಕಾಗದಗಳು ಬಂದವು. ನವೆಂಬರಿನಲ್ಲಿ ಹೋಗುವವರಿಗೆ ಒಂದು ಮಾತು: 2020ರಿಂದೀಚೆಗೆ ಪಶ್ಚಿಮದ ಊರುಗಳಿಂದ ರೈಲಿನಲ್ಲೇ ಪುಷ್ಪಚಕ್ರಗಳನ್ನು ತಂದು ಇಲ್ಲಿಡುವ ಪದ್ಧತಿ ಶುರುವಾಗಿದೆ. ಆಗ ಪೀಠದ ಕೆಳಭಾಗ ಹೂವಿನಲ್ಲಿ ಮುಚ್ಚಿಹೋಗಿರುತ್ತದೆ. ಕೆತ್ತನೆ ನೋಡಬೇಕೆಂದರೆ ಬೇರೆ ತಿಂಗಳು ಆರಿಸಿಕೊಳ್ಳಿ.

ಲಂಡನ್ನಿನದೇ ಇನ್ನೊಂದು ನಿಲ್ದಾಣವಾದ ಯೂಸ್ಟನ್ನಿನದೂ ಹೆಸರಿಲ್ಲದ ಇದೇ ಕೊರತೆ. ನಿಲ್ದಾಣದ ಮುಂದಿನ ಪೋರ್ಟ್‌ಲ್ಯಾಂಡ್ ಕಲ್ಲಿನ ಸ್ತಂಭದ ನಾಲ್ಕು ಮೂಲೆಗಳಲ್ಲಿ ಆಯುಧ ತಲೆಕೆಳಗು ಮಾಡಿ ತಲೆ ತಗ್ಗಿಸಿ ನಿಂತ ನಾಲ್ವರು ಕಂಚಿನ ಯೋಧರಿದ್ದಾರೆ. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್ ರೈಲ್ವೆಯ 3,719 ಜನ ಎಂದು ಸಂಖ್ಯೆ ಕೊರೆದಿದ್ದಾರೆ, ಹೆಸರುಗಳನ್ನಲ್ಲ. ಹಳೆಯ ನಿಲ್ದಾಣವನ್ನು 1960ರ ದಶಕದಲ್ಲಿ ಕೆಡವಿದಾಗ ಈ ಸ್ಮಾರಕ ಉಳಿದುಕೊಂಡಿತು. ಅಷ್ಟು ಮಟ್ಟಿಗೆ ಸಮಾಧಾನ.

ಲಂಡನ್ನಿನ ವಾಟರ್ಲೂ ನಿಲ್ದಾಣದಲ್ಲಿ ಸ್ಮಾರಕವೇ ಹೆಬ್ಬಾಗಿಲು. 1922ರ ಮಾರ್ಚ್ 21ರಂದು ರಾಣಿ ಮೇರಿ ಉದ್ಘಾಟಿಸಿದ ವಿಕ್ಟರಿ ಆರ್ಚ್ ಇದು. ಒಂದು ಬದಿಯಲ್ಲಿ 1914ರ ಯುದ್ಧದೇವತೆ, ಇನ್ನೊಂದು ಬದಿಯಲ್ಲಿ 1918ರ ಶಾಂತಿ, ನೆತ್ತಿಯಲ್ಲಿ ಬ್ರಿಟನ್ನಿನ ಪ್ರತೀಕವಾದ ದೇವಿ ಬ್ರಿಟಾನಿಯಾ. ತೊಂದರೆಯೆಂದರೆ ಎದುರಿಗೇ ರೈಲು ಸೇತುವೆ ಅಡ್ಡ ಹಾದುಹೋಗಿದೆ. ಹಿಂದೆ ಸರಿದು ಪೂರ್ತಿ ಕಮಾನನ್ನು ಒಟ್ಟಿಗೆ ನೋಡಲು ಜಾಗವೇ ಇಲ್ಲ, ಫೋಟೋದಲ್ಲಿ ಏನಾದರೊಂದು ತುದಿ ಕತ್ತರಿಸಿಹೋಗುತ್ತದೆ. ಆದರೆ ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ 585 ನೌಕರರ ಹೆಸರುಗಳು ಕಮಾನಿನ ಒಳಗಡೆಯೇ ಇವೆ, ಓದಬಹುದು. ಕಮಾನಿಗೆ ಮೆಟ್ಟಿಲು ಹತ್ತಿ ಹೋಗಬೇಕು, ಗಾಲಿಕುರ್ಚಿಯವರು ನಿಲ್ದಾಣದ ಬೇರೆ ಬಾಗಿಲಿನಿಂದ ಒಳಬಂದು ಈ ಕಡೆಗೆ ಬರುವುದು ಒಳ್ಳೆಯದು. ಬೆಳಗ್ಗೆ ಸಂಜೆ ಆಫೀಸಿನ ಹೊತ್ತಿನಲ್ಲಿ ಅಲ್ಲಿ ನಿಂತರೆ ಜನಪ್ರವಾಹ ನಿಮ್ಮನ್ನು ತಳ್ಳಿಕೊಂಡೇ ಹೋಗುತ್ತದೆ. ಮಧ್ಯಾಹ್ನ ಹೋಗಿ.

ಕಿಂಗ್ಸ್ ಕ್ರಾಸಿನಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯ 937 ಹೆಸರುಗಳು ಅಮೃತಶಿಲೆಯ ಫಲಕಗಳ ಮೇಲಿವೆ. ನಿಲ್ದಾಣವನ್ನು ನವೀಕರಿಸಿದಾಗ ಫಲಕಗಳನ್ನು ಹೊಸದಾಗಿ ಜೋಡಿಸಿ ನಿಲ್ಲಿಸಿದರು. ಹತ್ತಿರ ಹೋಗಿ ಓದಲು ಅಡ್ಡಿಯಿಲ್ಲ. ಲಂಡನ್ನಿನದೇ ಆದ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದ ಗ್ರೇಟ್ ಈಸ್ಟರ್ನ್ ರೈಲ್ವೆ ಸ್ಮಾರಕಕ್ಕೆ ಬೇರೆಯೇ ಚರಿತ್ರೆ ಅಂಟಿಕೊಂಡಿದೆ. 1922ರ ಜೂನ್ 22ರಂದು ಅದನ್ನು ಅನಾವರಣ ಮಾಡಿದ ಫೀಲ್ಡ್ ಮಾರ್ಷಲ್ ಸರ್ ಹೆನ್ರಿ ವಿಲ್ಸನ್ ಅಲ್ಲಿಂದ ಮನೆಗೆ ಮರಳಿದಾಗ ಬಾಗಿಲಲ್ಲೇ ಗುಂಡೇಟಿಗೆ ಬಲಿಯಾದರು. ಅವರ ಫಲಕವೂ, ಜರ್ಮನ್ನರು 1916ರಲ್ಲಿ ಗುಂಡಿಟ್ಟು ಕೊಂದ ರೈಲ್ವೆ ಕಂಪನಿಯ ಹಡಗಿನ ಕ್ಯಾಪ್ಟನ್ ಚಾರ್ಲ್ಸ್ ಫ್ರಯಟ್ಟರ ಫಲಕವೂ ಅಲ್ಲೇ ಇವೆ.

ಎಲ್ಲಕ್ಕಿಂತ ಚೆನ್ನಾಗಿ ತನ್ನ ಕೆಲಸ ಮಾಡುವ ಸ್ಮಾರಕ ಲಂಡನ್ನಿನಲ್ಲಿಲ್ಲ, ಮ್ಯಾಂಚೆಸ್ಟರ್ ವಿಕ್ಟೋರಿಯಾದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಲ್ಯಾಂಕಶೈರ್ ಅಂಡ್ ಯಾರ್ಕ್‌ಶೈರ್ ರೈಲ್ವೆಯ 1,465 ಹೆಸರುಗಳು ಕಂಚಿನ ಫಲಕಗಳಲ್ಲಿವೆ, ಎರಡು ಕಡೆ ಸಂತ ಜಾರ್ಜ್ ಮತ್ತು ಸಂತ ಮೈಕೇಲ್. ಫಲಕಗಳ ಮೇಲ್ಗಡೆ ಆ ಕಂಪನಿಯ ಇಡೀ ಮಾರ್ಗಜಾಲವನ್ನು ತೋರಿಸುವ ಬಿಳಿ ಟೈಲ್ಸಿನ ದೊಡ್ಡ ನಕಾಶೆ. ಇವರೆಲ್ಲ ಯಾವ ಹಳಿಗಳ ಮೇಲೆ ದುಡಿದರೋ ಅದು ತಲೆಯ ಮೇಲೇ ಇದೆ, ಹೆಸರುಗಳು ಕಣ್ಣೆದುರಿಗಿವೆ. ಮಳೆ ಬಿಸಿಲು ತಾಗದ ಜಾಗ, ಮೇಲಾಗಿ ಕಂಚು. ನೂರು ವರ್ಷ ಕಳೆದರೂ ಅಕ್ಷರ ಅಳಿದಿಲ್ಲ.

ಇದಕ್ಕೆ ತದ್ವಿರುದ್ಧ ಯಾರ್ಕ್. ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ವಿನ್ಯಾಸ ಮಾಡಿದ ನಾರ್ತ್ ಈಸ್ಟರ್ನ್ ರೈಲ್ವೆ ಸ್ಮಾರಕ 1924ರ ಜೂನ್ 14ರಂದು ಅನಾವರಣಗೊಂಡಿತು, 2,236 ಹೆಸರುಗಳು. ನಿಲ್ದಾಣದ ಹೊರಗೆ, ಊರಿನ ಕೋಟೆಗೋಡೆಯ ಪಕ್ಕ ಭವ್ಯವಾಗಿಯೇ ನಿಂತಿದೆ. ಆದರೆ ಬಯಲಲ್ಲಿ ಸುಣ್ಣಕಲ್ಲಿನ ಮೇಲೆ ಕೊರೆದ ಹೆಸರುಗಳು ಸವೆದುಹೋದವು, ಕೊನೆಗೆ ಸ್ಲೇಟು ಕಲ್ಲಿನ ಫಲಕಗಳಲ್ಲಿ ಮತ್ತೆ ಕೊರೆಸಿ ನೆಲದಲ್ಲಿ ಹಾಸಬೇಕಾಯಿತು. ಸವೆಯುವ ಕಾರಣ ಸರಳ. ಕಲ್ಲಿದ್ದಲ ಹೊಗೆಯ ಗಂಧಕ ಮಳೆನೀರಿನಲ್ಲಿ ಆಮ್ಲವಾಗುತ್ತದೆ, ಆಮ್ಲ ಸುಣ್ಣಕಲ್ಲನ್ನು ಕರಗಿಸುತ್ತದೆ. ಇಂಗ್ಲಿಷ್ ವಿ ಆಕಾರದಲ್ಲಿ ಕೊರೆದ ಅಕ್ಷರದ ಚೂಪು ಅಂಚು ಮೊದಲು ದುಂಡಗಾಗುತ್ತದೆ, ಆಮೇಲೆ ನೆರಳು ಬೀಳುವುದೇ ನಿಂತು ಅಕ್ಷರ ಕಾಣದಾಗುತ್ತದೆ. ಮಳೆ ತಾಗದ ಮೂಲೆಗಳಲ್ಲಿ ಇದೇ ಆಮ್ಲದಿಂದ ಕಪ್ಪು ಹೊರಪದರ ಕಟ್ಟುತ್ತದೆ. ನಿಲ್ದಾಣದ ಒಳಗಿನ ಹಿತ್ತಾಳೆ ಫಲಕಗಳದು ಬೇರೆ ಕಥೆ, ಅಲ್ಲಿ ಶತ್ರು ಅತಿಯಾದ ಪಾಲಿಶು. ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಅಕ್ಷರದಲ್ಲಿ ತುಂಬಿದ್ದ ಕಪ್ಪು ಬಣ್ಣ ಎದ್ದುಹೋಗಿ, ಹೊಳೆಯುವ ಲೋಹದ ಮೇಲೆ ಹೆಸರೇ ಗುರುತು ಸಿಗುವುದಿಲ್ಲ.

ಅಂಥ ಮಸುಕಾದ ಹೆಸರನ್ನು ಓದಲು ಟಾರ್ಚನ್ನು ಎದುರಿಗೆ ಹಿಡಿಯಬೇಡಿ. ಫಲಕಕ್ಕೆ ಹೆಚ್ಚುಕಡಿಮೆ ತಾಗಿದಂತೆ ಪಕ್ಕದಿಂದ ಹಿಡಿದರೆ ತಗ್ಗುಗಳಲ್ಲಿ ನೆರಳು ಬಿದ್ದು ಅಕ್ಷರ ಮೇಲೇಳುತ್ತದೆ. ಸೀಮೆಸುಣ್ಣ ತಿಕ್ಕುವುದು, ಕಾಗದವಿಟ್ಟು ಪೆನ್ಸಿಲ್ ಉಜ್ಜುವುದು ಬೇಡವೇ ಬೇಡ, ಸವೆದ ಕಲ್ಲಿನ ಮೇಲ್ಪದರ ಪುಡಿಯಾಗಿ ಉದುರುತ್ತದೆ.

ಹೆಸರು ಹುಡುಕುವವರು ಊರಿನಿಂದಲ್ಲ, ಕಂಪನಿಯಿಂದ ಶುರುಮಾಡಬೇಕು. 1923ರಲ್ಲಿ ಬ್ರಿಟನ್ನಿನ ಬಹುಪಾಲು ರೈಲ್ವೆ ಕಂಪನಿಗಳನ್ನು ನಾಲ್ಕು ದೊಡ್ಡ ಗುಂಪಾಗಿ ಸೇರಿಸಿದರು, ಸ್ಮಾರಕಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನ ಕಂಪನಿಗಳ ಹೆಸರಿನಲ್ಲಿವೆ. ಹಲವರು ಎಡವುವುದು ಇಲ್ಲೇ. ಮಿಡ್‌ಲ್ಯಾಂಡ್ ರೈಲ್ವೆಯ ನೌಕರನನ್ನು ಅದರ ಲಂಡನ್ ನಿಲ್ದಾಣವಾದ ಸೇಂಟ್ ಪ್ಯಾಂಕ್ರಾಸಿನಲ್ಲಿ ಹುಡುಕುತ್ತಾರೆ. ಆ ಕಂಪನಿಯ ಮಡಿದ 2,833 ಜನರ ಸ್ಮಾರಕವಿರುವುದು ಕಂಪನಿಯ ಕೇಂದ್ರ ಕಚೇರಿಯಿದ್ದ ಡರ್ಬಿಯಲ್ಲಿ, ಅದೂ ಲಟ್ಯೆನ್ಸರದೇ. ಕಂಪನಿ ಗೊತ್ತಿಲ್ಲದಿದ್ದರೆ ಯಾರ್ಕಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ ಪಟ್ಟಿ ನೋಡಿ, 20,000ಕ್ಕೂ ಮಿಕ್ಕ ಹೆಸರುಗಳಿವೆ. ಸಮಾಧಿ ಎಲ್ಲಿದೆ ಎಂಬುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಫಲಕದಲ್ಲಿ ಅಕಾರಾದಿಯಲ್ಲಿ ಸಿಗದಿದ್ದರೆ ಕೊನೆಯ ಸಾಲುಗಳನ್ನೂ ನೋಡಿ, ತಡವಾಗಿ ಸೇರಿಸಿದ ಹೆಸರುಗಳು ಸಾಮಾನ್ಯವಾಗಿ ಅಲ್ಲಿರುತ್ತವೆ.

ನಿಲ್ದಾಣವೇ ಮುಚ್ಚಿದ ಕಡೆ ಸ್ಮಾರಕದ ಗತಿ ಒಂದೊಂದು ಕಡೆ ಒಂದೊಂದು ತರ. ಶೆಫೀಲ್ಡ್ ವಿಕ್ಟೋರಿಯಾ 1970ರಲ್ಲಿ ಮುಚ್ಚಿತು, ಗ್ರೇಟ್ ಸೆಂಟ್ರಲ್ ರೈಲ್ವೆಯ ಫಲಕಗಳನ್ನು ಈಗ ಪಕ್ಕದ ಹೋಟೆಲಿನ ಬಳಿ ನೋಡಬೇಕು. ಡೋವರ್ ಮರೀನ್ ನಿಲ್ದಾಣ ಹಡಗುಗಳ ಟರ್ಮಿನಲ್ ಆಗಿದೆ, ಅಲ್ಲಿನ ಕಂಚಿನ ಸ್ಮಾರಕ ಒಳಗಡೆಯೇ ಉಳಿದಿದೆ. ಅದು ಬಂದರಿನ ಆವರಣ, ಟಿಕೆಟ್ಟಿಲ್ಲದೆ ಸುಮ್ಮನೆ ನಡೆದುಹೋಗುವ ಜಾಗವಲ್ಲ. ಹೊರಡುವ ಮೊದಲೇ ಬಂದರಿನವರನ್ನು ಕೇಳಿಕೊಳ್ಳಿ.