ಲೂಕ್ (LuK) ಬ್ರ್ಯಾಂಡಿನ ಕ್ಲಚ್ ಸೆಟ್: 34,000 ಕಿ.ಮೀ. ಓಡಿಸಿದ ಮೇಲೆ, ಮತ್ತು ಅದಕ್ಕೂ ಮುಂಚೆ ಕಳೆದುಕೊಂಡ ಎರಡು ತಿಂಗಳು

ಪೆರೇಸಂದ್ರದ ಕಡೆಯಿಂದ ಚಿಕ್ಕಬಳ್ಳಾಪುರಕ್ಕೆ ವಾಪಸ್ ಬರುತ್ತಿದ್ದೆ. ಮುಂದೆ ಟೊಮೇಟೊ ತುಂಬಿದ ಲಾರಿ, ಸಣ್ಣ ಏರು. ಆರನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತುಳಿದೆ. ಇಂಜಿನ್ ಸದ್ದು ಏರಿತು, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆಂದು ತೋರಿಸುವ ಆರ್‌ಪಿಎಂ ಮುಳ್ಳು 2,300ರಿಂದ 3,000ಕ್ಕೆ ಹೋಯಿತು, ಸ್ಪೀಡೊಮೀಟರ್ ಮಾತ್ರ 92ರಲ್ಲೇ ನಿಂತಿತ್ತು. ಕಾಲು ಸಡಿಲಿಸಿದೆ, ಮುಳ್ಳು ತಾನಾಗಿಯೇ ಹಳೇ ಜಾಗಕ್ಕೆ ಇಳಿಯಿತು. ಎಲ್ಲ ಸೇರಿ ಮೂರು ನಾಲ್ಕು ಸೆಕೆಂಡಿನ ಮಾತು. ಆ ನಾಲ್ಕು ಸೆಕೆಂಡಿನಲ್ಲೇ ಕಾರು ಎಲ್ಲವನ್ನೂ ಹೇಳಿತ್ತು. ಅರ್ಥ ಮಾಡಿಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು.

ನನ್ನದು ಆರು ಗೇರಿನ ಟರ್ಬೊ ಪೆಟ್ರೋಲ್ ಸ್ಪೋರ್ಟ್ಸ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್. ಕಾರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ 78,000 ಕಿ.ಮೀ.ಗೆ ಸವೆದದ್ದು ಕಾರಿನ ತಪ್ಪಲ್ಲ, ನನ್ನ ಎಡಗಾಲಿನ ತಪ್ಪು. ವಾರಕ್ಕೆ ಮೂರು ದಿನ ಹೆಬ್ಬಾಳಕ್ಕೆ ಹೋಗಿಬರುತ್ತೇನೆ. ಅಲ್ಲಿನ ಜಾಮ್‌ನಲ್ಲಿ ಕಾಲು ಪೆಡಲ್ ಮೇಲೆಯೇ ಇರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಭಾನುವಾರದ ನಂದಿ ಬೆಟ್ಟ. ತಿರುವಿನ ಏರಿನಲ್ಲಿ ಕಾರುಗಳ ಸಾಲು ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಪೆಡಲ್ ಅರ್ಧ ಒತ್ತಿ ಹಾಫ್ ಕ್ಲಚ್‌ನಲ್ಲೇ ಕಾರನ್ನು ತಡೆದು ನಿಲ್ಲಿಸುತ್ತಿದ್ದೆ. ಅದನ್ನು ಡ್ರೈವಿಂಗ್ ಚಾಕಚಕ್ಯತೆ ಎಂದೇ ನಂಬಿದ್ದೆ.

ಮೊದಲು ಹೋದ ಗ್ಯಾರೇಜಿನಲ್ಲಿ 'ಪಿಕಪ್ ಕಮ್ಮಿಯಾಗಿದೆ' ಎಂದೆ. ನಾನು ಹೇಳಿದ ರೀತಿಯೇ ಸರಿಯಿರಲಿಲ್ಲ. ಪಿಕಪ್ ಎಂದ ಕೂಡಲೇ ಅವರು ಇಂಜಿನ್ ಕಡೆ ಹೋದರು: ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಥ್ರಾಟಲ್ ಬಾಡಿ ಕ್ಲೀನಿಂಗ್, ಟರ್ಬೊ ಪೈಪಿನ ಕ್ಲಾಂಪ್. ಬಿಲ್ಲು 11,600 ರೂಪಾಯಿ. ಆಮೇಲೂ ಅದೇ ಕಥೆ. ಕ್ಲಚ್ ಇರಬಹುದೇ ಎಂದು ಕೇಳಿದಾಗ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಇಂಜಿನ್ ತಟ್ಟನೆ ಆಫ್ ಆಯಿತು. 'ನೋಡಿ ಸಾರ್, ಕ್ಲಚ್ ಗಟ್ಟಿಯಾಗಿದೆ' ಎಂದರು. ನಾನೂ ಒಪ್ಪಿಕೊಂಡು ಬಂದೆ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣವೇ ಆ ಪರೀಕ್ಷೆ.

ನಿಂತ ಕಾರಿನಲ್ಲಿ, ಐಡಲ್‌ಗಿಂತ ಸ್ವಲ್ಪ ಮೇಲೆ ಓಡುವ ಇಂಜಿನ್ ಕೊಡುವ ತಿರುಚು ಬಲ ತೀರಾ ಕಡಿಮೆ. ಮುಕ್ಕಾಲು ಸವೆದ ಕ್ಲಚ್ ಕೂಡ ಅಷ್ಟನ್ನು ಹಿಡಿದುಕೊಳ್ಳುತ್ತದೆ. ಟರ್ಬೊ ಪೂರ್ತಿ ಊದುವಾಗ ನನ್ನ ಇಂಜಿನ್ ಕೊಡುವುದು ಸುಮಾರು 200 ನ್ಯೂಟನ್ ಮೀಟರ್. ಸವೆದ ಪ್ಲೇಟ್ ಜಾರುವುದು ಅಲ್ಲಿ. ಹಾಗಾಗಿ ಹ್ಯಾಂಡ್‌ಬ್ರೇಕ್ ಪರೀಕ್ಷೆಯಲ್ಲಿ ಇಂಜಿನ್ ಆಫ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಮುಗಿದಿದೆ ಎನ್ನಬಹುದು. ಆಫ್ ಆಯಿತೆಂದು ಕ್ಲಚ್ ಚೆನ್ನಾಗಿದೆ ಎನ್ನುವಂತಿಲ್ಲ. ಇದನ್ನು ಮತ್ತೆ ಮತ್ತೆ ಮಾಡಿ ನೋಡಲೂಬೇಡಿ, ಇರುವ ಪ್ಲೇಟೂ ಸುಡುತ್ತದೆ.

ಆ ಎರಡು ತಿಂಗಳಲ್ಲಿ ಮೈಲೇಜ್ 15ರಿಂದ ಹನ್ನೆರಡೂವರೆಗೆ ಇಳಿಯಿತು. ನಂದಿ ಬೆಟ್ಟ ಹತ್ತಿಸಿದ ಮೇಲೆ ಕಾಗದ ಸುಟ್ಟಂಥ ವಾಸನೆ ಬರುತ್ತಿತ್ತು. ಬ್ರೇಕ್ ಇರಬೇಕು ಅಂದುಕೊಂಡೆ. ಏರು ಹತ್ತುವಾಗ ಬ್ರೇಕ್ ಯಾಕೆ ಸುಡುತ್ತದೆ ಎಂದು ನನ್ನ ತಂಗಿ ಕೇಳಿದ ಮೇಲೆ ನಿಜಕ್ಕೂ ಯೋಚನೆ ಹತ್ತಿತು.

ಕೊನೆಗೆ ಲೆಕ್ಕ ಹಾಕಿದೆವು. ಕ್ಲಚ್ ಪೂರ್ತಿ ಹಿಡಿದಿದ್ದರೆ ಒಂದೊಂದು ಗೇರಿನಲ್ಲೂ ಇಂಜಿನ್ ಸುತ್ತಿಗೂ ವೇಗಕ್ಕೂ ಇರುವ ಅನುಪಾತ ಬದಲಾಗಲು ಸಾಧ್ಯವೇ ಇಲ್ಲ. ನಡುವೆ ಇರುವುದು ಹಲ್ಲಿಗೆ ಹಲ್ಲು ಕೂತ ಗೇರುಗಳು. ನನ್ನ ಕಾರಿನಲ್ಲಿ ಆರನೇ ಗೇರಿಗೆ ಗಂಟೆಗೆ 80 ಕಿ.ಮೀ. ಎಂದರೆ 2,000 ಆರ್‌ಪಿಎಂ, 100 ಎಂದರೆ 2,500. ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿದರೆ ಯಾವಾಗಲೂ 25. ನಿಮ್ಮ ಕಾರಿನಲ್ಲಿ ಬೇರೆ ಸಂಖ್ಯೆ ಬರುತ್ತದೆ. ನಿಧಾನಕ್ಕೆ ಒಂದೇ ವೇಗದಲ್ಲಿ ಓಡಿಸಿ ಮೊದಲು ಅದನ್ನು ಬರೆದಿಟ್ಟುಕೊಳ್ಳಿ.

ಒಂದು ಬೆಳಿಗ್ಗೆ, ಹೆದ್ದಾರಿ 44 ಖಾಲಿಯಿರುವಾಗ, ಕಾರಿನ ಕಂಪ್ಯೂಟರಿನ ಅಂಕಿ ಓದಲು ಇರುವ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಹೊರಟೆವು. ತಂಗಿ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಎರಡೂ ಅಂಕಿ ದಾಖಲಿಸಿದಳು. ಓಡಿಸುವವರು ಮೊಬೈಲ್ ನೋಡಲೇಬಾರದು. ಮೆಲ್ಲಗೆ ತುಳಿದಾಗ 25. ಅರ್ಧ ತುಳಿದರೂ 25. ಏರಿನಲ್ಲಿ ಪೂರ್ತಿ ತುಳಿದಾಗ 26, 29, 33. ಕಾಲು ತೆಗೆದ ಕ್ಷಣ ಮತ್ತೆ 25. ಮೂರು ಸಲ ಮಾಡಿದೆವು, ಮೂರು ಸಲವೂ ಅದೇ. ಚಕ್ರ ನೆಲದ ಮೇಲೆ ಜಾರುತ್ತಿದೆಯೇನೋ ಎಂಬ ಅನುಮಾನಕ್ಕೂ ಇದರಲ್ಲೇ ಉತ್ತರವಿದೆ. ನನ್ನ ಕಾರಿನಲ್ಲಿ ವೇಗದ ಲೆಕ್ಕ ಗೇರ್‌ಬಾಕ್ಸಿನಿಂದ ಬರುತ್ತದೆ. ಚಕ್ರ ಜಾರಿದ್ದರೆ ಆರ್‌ಪಿಎಂ ಜೊತೆಗೆ ವೇಗದ ಅಂಕಿಯೂ ಏರಬೇಕಿತ್ತು, ಅನುಪಾತ ಕದಲುತ್ತಿರಲಿಲ್ಲ. ಇಂಜಿನ್ನಿನಲ್ಲೇ ಶಕ್ತಿ ಕಡಿಮೆಯಾಗಿದ್ದರೆ ಎರಡೂ ನಿಧಾನವಾಗಬೇಕಿತ್ತು. ಒಂದು ಮಾತ್ರ ಓಡಿ, ಇನ್ನೊಂದು ನಿಂತಿದೆ ಎಂದರೆ ನಡುವಿನ ಕ್ಲಚ್ ಬಿಟ್ಟುಕೊಟ್ಟಿದೆ.

ಈ ಅಂಕಿ ಹಿಡಿದುಕೊಂಡು ಊರಿನ ಹಳೇ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಹೋದೆ. ಅವರು ಮೊಬೈಲ್ ನೋಡಿ, 'ಸರಿ ಅಣ್ಣ, ಆದ್ರೂ ಒಂದ್ಸಲ ಕೆಳಗಿಂದ ನೋಡ್ಬಿಡೋಣ' ಎಂದರು. ಆ ಮಾತಿಗೇ ನನಗೆ ನಂಬಿಕೆ ಬಂತು. ಪೆಡಲ್ ಪೂರ್ತಿ ಮೇಲೆ ಬರುತ್ತಿದೆಯೇ, ಶುರುವಿನಲ್ಲಿ ಒಂದಿಷ್ಟು ಸಡಿಲ ಆಟ ಇದೆಯೇ ಎಂದು ಬೆರಳಿನಲ್ಲಿ ಒತ್ತಿ ನೋಡಿದರು. ಆಟ ಇಲ್ಲದಿದ್ದರೆ ಕ್ಲಚ್ ಸದಾ ಸ್ವಲ್ಪ ಒತ್ತಿದಂತೆಯೇ ಇದ್ದು, ಹೊಸ ಪ್ಲೇಟೂ ಜಾರುತ್ತದೆ. ಆಮೇಲೆ ಇಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದ ತಳಕ್ಕೆ ಬಟ್ಟೆ ಒರೆಸಿ ಎಣ್ಣೆ ಹತ್ತುತ್ತದೆಯೇ ಎಂದು ನೋಡಿದರು. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲ್ ಸೋರಿದರೆ ಪ್ಲೇಟಿಗೆ ಎಣ್ಣೆ ಬಿದ್ದು ಜಾರುತ್ತದೆ. ಸೀಲ್ ಬಿಟ್ಟು ಪ್ಲೇಟ್ ಮಾತ್ರ ಬದಲಿಸಿದರೆ ಹಾಕಿದ ದುಡ್ಡು ಎಣ್ಣೆಯಲ್ಲೇ ಹೋಗುತ್ತದೆ. ಬಟ್ಟೆಗೆ ಎಣ್ಣೆ ಹತ್ತಲಿಲ್ಲ. ಬರೀ ಸವೆತ ಎಂದು ನಿಶ್ಚಯವಾಯಿತು.

2023ರ ಆಗಸ್ಟಿನಲ್ಲಿ ಗೇರ್‌ಬಾಕ್ಸ್ ಇಳಿಸಿದರು. ಹಳೇ ಪ್ಲೇಟ್ ಕೈಗೆ ಕೊಟ್ಟಾಗ ಉಜ್ಜುವ ಪದರವನ್ನು ಹಿಡಿದಿಡುವ ರಿವೆಟ್ಟಿನ ತಲೆಗಳು ಮೇಲ್ಮೈಗೆ ಸರಿಸಮ ಬಂದಿದ್ದವು. ರಿವೆಟ್ 0.3 ಮಿ.ಮೀ.ಗಿಂತ ಕಡಿಮೆ ಆಳದಲ್ಲಿದ್ದರೆ ಪ್ಲೇಟ್ ಬದಲಿಸಬೇಕು ಎನ್ನುವುದು ಸಾಮಾನ್ಯ ಮಿತಿ. ನನ್ನದರಲ್ಲಿ ಉಗುರಿಗೆ ತಗ್ಗೇ ಸಿಗಲಿಲ್ಲ. ಇನ್ನೊಂದು ತಿಂಗಳು ಓಡಿಸಿದ್ದರೆ ರಿವೆಟ್ ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ ಕಡೆಯ ಭಾರದ ಚಕ್ರ, ಅಂದರೆ ಫ್ಲೈವ್ಹೀಲನ್ನೇ ಕೆರೆಯುತ್ತಿತ್ತು. ಫ್ಲೈವ್ಹೀಲ್ ಮೇಲೆ ಶಾಖದ ನೀಲಿ ಕಲೆಗಳಿದ್ದವು. ನನ್ನದು ಸಾದಾ ಫ್ಲೈವ್ಹೀಲ್ ಆದ್ದರಿಂದ ಲೇತಿಗೆ ಹಾಕಿಸಿ ಸಮ ಮಾಡಿಸಿದೆವು. ಎರಡು ಭಾಗದ, ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವ್ಹೀಲ್ ಇರುವವರು ಅದರ ಸ್ಥಿತಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು, ಅದು ಕೆಟ್ಟಿದ್ದರೆ ಖರ್ಚು ಕ್ಲಚ್ಚಿಗಿಂತ ದೊಡ್ಡದು.

ಹಾಕಿಸಿದ್ದು ಲೂಕ್ ಸೆಟ್: ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ತುಳಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ. ಬೇರಿಂಗ್ ಚೆನ್ನಾಗಿದೆ, ಪ್ಲೇಟ್ ಒಂದೇ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಳೆ ಬೇರಿಂಗ್ ಕೂಗಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸುವ ಅದೇ ಕೂಲಿ. ಸೆಟ್ಟು, ಲೇತು, ಗೇರ್ ಆಯಿಲ್, ಕೂಲಿ ಎಲ್ಲ ಸೇರಿ ನನಗೆ 24,300 ರೂಪಾಯಿ ಆಯಿತು. ರೇಸಿಂಗ್ ಕ್ಲಚ್ ಹಾಕಿಸು ಎಂದ ಗೆಳೆಯರಿದ್ದರು. ಇಂಜಿನ್ನಿಗೆ ರೀಮ್ಯಾಪ್ ಮಾಡಿಸಿ ಬಲ ಹೆಚ್ಚಿಸಿದವರಿಗೆ ಅದು ಬೇಕಾಗಬಹುದು. ಕಂಪನಿಯಿಂದ ಬಂದ ಹಾಗೇ ಇರುವ ಇಂಜಿನ್ನಿಗೆ ಆ ಗಡಸು ಪೆಡಲ್, ಆ ತಟ್ಟನೆ ಹಿಡಿಯುವ ಗುಣ ಹೆಬ್ಬಾಳದ ಜಾಮಿನಲ್ಲಿ ಬರೀ ಶಿಕ್ಷೆ.

ಮೊದಲ 800 ಕಿ.ಮೀ. ಪೂರ್ತಿ ತುಳಿಯದೆ ಓಡಿಸಿದೆ, ಹೊಸ ಪ್ಲೇಟ್ ಕೂತುಕೊಳ್ಳಲು ಅಷ್ಟು ಸಮಯ ಬೇಕು. ಶುರುವಿನಲ್ಲಿ ಪೆಡಲ್ ಎಷ್ಟು ಹಗುರವಾಗಿತ್ತೆಂದರೆ ಏನೋ ತಪ್ಪಾಗಿದೆ ಎಂದೇ ಮೇಸ್ತ್ರಿಗೆ ಫೋನ್ ಮಾಡಿದ್ದೆ. ಪ್ಲೇಟ್ ಸವೆದಂತೆ ಪೆಡಲ್ ಗಡುಸಾಗುತ್ತಾ ಹೋಗುತ್ತದಂತೆ, ವರ್ಷಗಟ್ಟಲೆ ಮೆಲ್ಲಗೆ ಆಗುವುದರಿಂದ ಕಾಲಿಗೆ ಗೊತ್ತಾಗುವುದಿಲ್ಲ. ಹಿಡಿಯುವ ಜಾಗವೂ ಕೆಳಕ್ಕೆ ಬಂದಿತ್ತು, ಒಂದು ವಾರ ರೂಢಿಯಾಗಲು ಬೇಕಾಯಿತು. ಮೈಲೇಜ್ ಮತ್ತೆ 15ಕ್ಕೆ ಬಂತು. 26 ತಿಂಗಳಲ್ಲಿ ಅದುರುವಿಕೆ, ಸದ್ದು, ವಾಸನೆ ಒಂದೂ ಇಲ್ಲ. ನಂದಿ ಬೆಟ್ಟದ ಸಾಲಿನಲ್ಲಿ ಈಗ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲ್ಲಿಗೆ ಹಾಕಿ ಕೂರುತ್ತೇನೆ. ಹೊರಡುವಾಗ ಮಾತ್ರ ಎಡಗಾಲಿಗೆ ಕೆಲಸ.

ಮೂರು ತಿಂಗಳಿಗೊಮ್ಮೆ ಅಡಾಪ್ಟರ್ ಸಿಕ್ಕಿಸಿ ಅದೇ ಏರಿಗೆ ಹೋಗುತ್ತೇವೆ. ಹೋದ ಭಾನುವಾರ ಆರನೇ ಗೇರಿನಲ್ಲಿ ಪೂರ್ತಿ ತುಳಿದಾಗ ತಂಗಿ ಓದಿ ಹೇಳಿದ್ದು: ವೇಗ 92, ಆರ್‌ಪಿಎಂ 2,300.